ನನೀಸೆಗೆ ಸಿಕ್ಕ ಮನೆ

ಮಾಂಗೆರೆಯ ಆ ಮನೆಯಲ್ಲಿ ಫ್ರಿಜ್ಜಿಗೆ ಬೀಗ, ಬ್ರೆಡ್ಡಿನ ಕಪಾಟಿಗೆ ಬೀಗ, ಹಿತ್ತಲಿನ ಕಸದ ಡಬ್ಬಿಗೂ ಬೀಗ. ಬೀಗದ ಕೈಗಳು ಮೆಲಿಯಾಮೆಯ ಕುತ್ತಿಗೆಯ ದಾರದಲ್ಲಿ ಇರುತ್ತಿದ್ದವು. ಸ್ನಾನ ಮಾಡುವಾಗಲೂ ಅವಳು ಆ ದಾರ ತೆಗೆಯುತ್ತಿರಲಿಲ್ಲ.

ಇದೆಲ್ಲ ಕಿರಿಯ ಮಗಳು ನನೀಸೆಗಾಗಿ. ಹದಿಮೂರು ವರ್ಷದ ನನೀಸೆಗೆ ಹುಟ್ಟಿನಿಂದಲೇ ಬಂದ ಒಂದು ಕಾಯಿಲೆ. ಹೊಟ್ಟೆ ತುಂಬಿತೆಂಬ ಸುದ್ದಿ ಅವಳ ತಲೆಗೆ ಮುಟ್ಟುವುದೇ ಇಲ್ಲ. ಉಂಡು ಕೈ ತೊಳೆಯುವಾಗಲೂ ಅವಳಿಗೆ ಉಪವಾಸ ಬಿದ್ದವರ ಹಸಿವು. ಹೆಪ್ಪುಗಟ್ಟಿದ ಹಸಿ ಮಾಂಸ, ಪಕ್ಕದ ಮನೆಯ ನಾಯಿಯ ಬಿಸ್ಕತ್ತು, ಬರೀ ಹಿಟ್ಟು, ಸಿಕ್ಕಿದ್ದನ್ನು ತಿನ್ನುತ್ತಾಳೆ. ತಿಂದದ್ದು ಮಿತಿ ಮೀರಿದರೂ ವಾಂತಿಯಾಗುವುದಿಲ್ಲ, ನೋವೂ ಸರಿಯಾಗಿ ತಿಳಿಯುವುದಿಲ್ಲ. ಅದೊಂದನ್ನು ಬಿಟ್ಟರೆ ನಗುಮುಖದ ಹುಡುಗಿ. ಕುಳ್ಳಗೆ, ಮೆತ್ತಗೆ, ಪುಟ್ಟ ಪುಟ್ಟ ಕೈ. ಆ ಕೈಗಳಿಂದ ಚೂರುಚೂರಾದ ಚಿತ್ರಗಳನ್ನು ಜೋಡಿಸಲು ಕೂತರೆ ದೊಡ್ಡವರು ಕಣ್ಣುಜ್ಜಿಕೊಂಡು ನೋಡಬೇಕು.

ಮನೆಯವರು ಟೊಂಗ ದ್ವೀಪಗಳಿಂದ ಈ ದೇಶಕ್ಕೆ ಬಂದು ನೆಲೆಸಿದವರು. ಅಪ್ಪ ಸಿಯೋಸಿಫಾ ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವವನು. ಮೆಲಿಯಾಮೆ ಅಲ್ಲೇ ಹತ್ತಿರದ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ದೊಡ್ಡ ಮಗಳು ಕಾಲೊ ನರ್ಸಿಂಗ್ ಓದಿಗೆ ಸೇರಿದ್ದಳು. ಮೂವರೂ ಸರದಿ ಹಾಕಿಕೊಂಡು ನನೀಸೆಯ ಹಿಂದೆ ಇರುತ್ತಿದ್ದರು. ಹೇಗೋ ನಡೆಯುತ್ತಿತ್ತು.

ಆಗ ಟೊಂಗದ ವವಾಉ ದ್ವೀಪದಿಂದ ಲೆಸಿಯೇಲಿ ಬಂದಳು. ಸಿಯೋಸಿಫಾನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನೇ ಕರೆಸಿಕೊಂಡಿದ್ದ. ಟೊಂಗದವರ ಮನೆಯಲ್ಲಿ ತಂದೆಯ ಅಕ್ಕನಿಗಿಂತ ದೊಡ್ಡವರಿಲ್ಲ. ತಮ್ಮನ ಮಕ್ಕಳ ವಿಷಯದಲ್ಲಿ ಅವಳ ಮಾತೇ ಕೊನೆಯ ಮಾತು. ಅಕ್ಕ ಕೂತ ಕೋಣೆಯಲ್ಲಿ ತಮ್ಮ ಕಾಲು ಚಾಚುವುದಿಲ್ಲ, ದನಿ ಏರಿಸುವುದಿಲ್ಲ. ಸಿಯೋಸಿಫಾ ಅಕ್ಕ ಮಾತು ಶುರುಮಾಡಿದರೆ ಮೆಲ್ಲನೆ ಎದ್ದು ಗ್ಯಾರೇಜಿಗೆ ಹೋಗಿಬಿಡುತ್ತಿದ್ದ.

ಬಂದ ವಾರವೇ ಲೆಸಿಯೇಲಿ ಫ್ರಿಜ್ಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮೆಲಿಯಾಮೆ, ಕಳ್ಳರಿಗೆ ಬೀಗ ಹಾಕೋದು ನೋಡಿದೀನಿ. ಹೆತ್ತ ಮಗಳಿಗೆ ಹಾಕೋದು ಇದೇ ಮೊದ್ಲು ನೋಡ್ತಿರೋದು."

"ಡಾಕ್ಟ್ರು ಹೇಳಿರೋದು ಅಕ್ಕ."

"ಆ ಬಿಳಿ ಡಾಕ್ಟ್ರಾ? ಅವರು ನಾಲ್ಕು ಸೊಪ್ಪಿನೆಲೆ ತಿಂದು ಊಟ ಆಯ್ತು ಅಂತಾರೆ. ಅವರಿಗೇನು ಗೊತ್ತು ಹಸಿವು?"

ನನೀಸೆ ಅತ್ತೆಯ ಮಗ್ಗುಲಿಗೆ ಬಂದು ನಿಂತಿದ್ದಳು. "ಅತ್ತೆ, ನಂಗೆ ಹಸಿವು."

"ನೋಡು! ಕೇಳಿಸ್ತಾ?"

"ಅತ್ತೆ, ಅವಳು ಈಗ್ತಾನೆ ಉಂಡಿದಾಳೆ," ಎಂದಳು ಕಾಲೊ.

"ನೀನು ಸುಮ್ನಿರೇ. ನರ್ಸ್ ಆಗಕ್ಕೆ ಇನ್ನೂ ಬೇಕಾದಷ್ಟು ಟೈಮಿದೆ ನಿಂಗೆ."

ಅಲ್ಲಿಂದಾಚೆ ಲೆಸಿಯೇಲಿಯ ಜೇಬಿನಲ್ಲಿ ಸದಾ ಏನಾದರೊಂದು ಇರುತ್ತಿತ್ತು. ಒಂದು ಬಾಳೆಹಣ್ಣು, ಕರಿದ ಹಿಟ್ಟಿನುಂಡೆಯ ಒಂದು ಅರ್ಧ. ಮೆಲಿಯಾಮೆಗೆ ಅದು ಕಾಣುತ್ತಿತ್ತು. ಮನೆಯ ದೊಡ್ಡವಳ ಜೇಬಿಗೆ ಕೈಹಾಕುವುದು ಹೇಗೆ?

ಮೇ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಮಕ್ಕಳ ದಿನ. ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಒಬ್ಬೊಬ್ಬರಾಗಿ ಎದ್ದು ವಚನ ಒಪ್ಪಿಸುತ್ತಾರೆ. ನನೀಸೆ ಎದ್ದು ನಿಂತು ತನ್ನ ಪಾಲಿನದನ್ನು ಒಂದಕ್ಷರ ತಪ್ಪದೆ ಹೇಳಿದಳು. ಲೆಸಿಯೇಲಿ ಗಟ್ಟಿಯಾಗಿ ಅತ್ತಳು. ಹೊರಗೆ ಬಂದವಳೇ ಸಿಕ್ಕವರಿಗೆಲ್ಲ, "ನಮ್ಮ ತಮ್ಮನ ಮಗಳು, ಕೇಳಿದ್ರಾ?" ಎಂದಳು.

ಅಂದಿನ ಔತಣಕ್ಕೆ ಪ್ರತಿ ಮನೆಯಿಂದಲೂ ಅಡಿಗೆ. ಇವರ ಮನೆಯಿಂದ ತೆಂಗಿನ ಹಾಲಿನಲ್ಲಿ ಬೇಯಿಸಿದ, ಕೆಸುವಿನೆಲೆಯಲ್ಲಿ ಸುತ್ತಿದ ಮಾಂಸದ ಎರಡು ತಟ್ಟೆ ಹೋಗಿತ್ತು. ಮೂರನೆಯದು ಮನೆಯ ಫ್ರಿಜ್ಜಿನಲ್ಲಿತ್ತು. ಮೆಲಿಯಾಮೆ ಚರ್ಚಿನ ಅಡಿಗೆಮನೆಯಲ್ಲಿ ಪಾತ್ರೆಗೆ ಕೈಹಾಕಿದ್ದಳು. ಬಗ್ಗಿದಾಗಲೆಲ್ಲ ದಾರ ಪಾತ್ರೆಗಳಿಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಅಂದು ಮಾತ್ರ ಅದನ್ನು ಕಾಲೊಳ ಕೈಗೆ ಕೊಟ್ಟಿದ್ದಳು.

"ಕೀ ಕೊಡೇ. ತಟ್ಟೆ ತರ್ತೀನಿ. ನನೀಸೆ ನನ್ ಜೊತೆ ಬರ್ಲಿ," ಎಂದಳು ಲೆಸಿಯೇಲಿ.

"ಅಮ್ಮನ್ನ ಕೇಳ್ತೀನಿ ಅತ್ತೆ."

"ನಾನು ಕೇಳ್ತಿದೀನಿ, ಸಾಲ್ದಾ?"

ಕಾಲೊ ಕೊಟ್ಟಳು.

ಮನೆಗೆ ಹೋದ ಲೆಸಿಯೇಲಿ ಹುಡುಗಿಯನ್ನು ಮೇಜಿಗೆ ಕೂರಿಸಿ, ಇವತ್ತೊಂದು ದಿನವಾದರೂ ಬೇರೆ ಮಕ್ಕಳ ಹಾಗೆ ಉಣ್ಣಲಿ ಎಂದು ದೊಡ್ಡ ಪಾಲೊಂದನ್ನು ಬಡಿಸಿದಳು. ಅವಳು ತಿನ್ನುವುದನ್ನು ನೋಡುತ್ತ ಕೂತವಳಿಗೆ ಸುಖವೆನಿಸಿತು. ಬೆಳಗಿನ ಜಾವಕ್ಕೇ ಎದ್ದಿದ್ದ ಮೈ, ಸೋಫಾದ ಮೇಲೆ ಒರಗಿದಳು, ಕಣ್ಣು ಹತ್ತಿತು.

ಕಾಲೊ ಬಂದು ನೋಡುವಷ್ಟರಲ್ಲಿ ಫ್ರಿಜ್ಜು ತೆರೆದಿತ್ತು. ಮೂರನೆಯ ತಟ್ಟೆಯೂ ಮರಗೆಣಸಿನ ಪಾತ್ರೆಯೂ ಬರಿದಾಗಿದ್ದವು. ನನೀಸೆ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಾಲೊ ಅವಳ ಹೊಟ್ಟೆ ಮುಟ್ಟಿ ನೋಡಿದಳು, ಕಲ್ಲಾಗಿತ್ತು. ಅತ್ತೆಯನ್ನು ಎಬ್ಬಿಸುವುದಕ್ಕೂ ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದಳು.

ಇನ್ನೂ ತಡವಾಗಿದ್ದರೆ ಜಠರವೇ ಹರಿದುಹೋಗುತ್ತಿತ್ತು ಎಂದರು ಆಸ್ಪತ್ರೆಯಲ್ಲಿ. ಮೂಗಿನ ಮೂಲಕ ನಳಿಕೆ ಇಳಿಸಿದರು. ಎರಡು ದಿನ ಯಾರೂ ಏನೂ ಖಚಿತವಾಗಿ ಹೇಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಲೆಸಿಯೇಲಿ ಮಕ್ಕಳ ದಿನಕ್ಕೆಂದು ಉಟ್ಟಿದ್ದ ಬಿಳಿ ಬಟ್ಟೆಯಲ್ಲೇ ಕೂತಿದ್ದಳು. ಯಾರಾದರೂ ಬಯ್ಯಲಿ ಎಂದು ಕಾಯುತ್ತಿದ್ದಳು. ಸಿಯೋಸಿಫಾ ತಲೆ ತಗ್ಗಿಸಿ ಅವಳ ಮುಂದೆ ಹಾದು ಹೋದ. ಮೆಲಿಯಾಮೆ ಬಂದು ಕಾಗದದ ಲೋಟ ಹಿಡಿದಳು.

"ಚಾ ಕುಡೀರಿ ಅಕ್ಕ."

ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ನನೀಸೆ ಬದುಕಿದಳು. ನಳಿಕೆ ತೆಗೆದ ದಿನ ಅವಳು ಮೊದಲು ಕೇಳಿದ್ದು, "ಊಟ ಯಾವಾಗ?"

ಆಸ್ಪತ್ರೆಯವರು ಒಂದು ಕಚೇರಿಗೆ ಹೇಳಿ ಕಳಿಸಿದ್ದರು. ಮನೆಯಲ್ಲಿ ನೋಡಿಕೊಳ್ಳಲು ಕೈಮೀರಿದ ಮಕ್ಕಳಿಗೆ ಒಗ್ಗುವಂಥ ವಸತಿ ಮನೆ ಹುಡುಕಿ, ಅಲ್ಲಿ ಬಿಟ್ಟು, ಬಿಟ್ಟ ಮೇಲೂ ಮೇಲ್ವಿಚಾರಣೆ ನೋಡುವ ಕಚೇರಿ ಅದು. ಅಲ್ಲಿಂದ ಬಂದವಳ ಹೆಸರು ತೆರೇಪಾಯಿ. ಐವತ್ತರ ಹತ್ತಿರದ ಹೆಂಗಸು, ಕುಕ್ ದ್ವೀಪಗಳ ಕಡೆಯವಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಮೆಲಿಯಾಮೆ ಕುರ್ಚಿ ಎಳೆದುಕೊಟ್ಟರೂ, ಲೆಸಿಯೇಲಿ ಚಾಪೆಯ ಮೇಲೆ ಕೂತಿದ್ದನ್ನು ನೋಡಿ, ತಾನೂ ಚಾಪೆಯ ತುದಿಯಲ್ಲಿ ಕೂತಳು.

"ಎಲ್ಲಿಯವಳಮ್ಮ ನೀನು? ರಾರೊಟೊಂಗಾನಾ?" ಕೇಳಿದಳು ಲೆಸಿಯೇಲಿ. "ನೀವು ಕುಣಿಯೋದ್ರಲ್ಲಿ ಮುಂದು ಅಂತ ಕೇಳಿದೀನಿ."

"ಹೌದಮ್ಮ. ತಿನ್ನೋದ್ರಲ್ಲಿ ಮಾತ್ರ ನಿಮ್ಮ ಹಿಂದೆ."

ಕಾಲೊ ನಕ್ಕಳು. ಲೆಸಿಯೇಲಿಯ ತುಟಿಯೂ ಅಲುಗಿತು, ಆದರೆ ಬಿಗಿಹಿಡಿದಳು.

"ಮಗೂನ ಎತ್ಕೊಂಡು ಹೋಗಕ್ಕೆ ಬಂದಿದೀಯಾ?"

"ಇಲ್ಲಮ್ಮ. ಕೇಳ್ಕೊಂಡು ಹೋಗಕ್ಕೆ ಬಂದೆ. ಈ ಮನೇಲಿ ಒಂದು ದಿನ ಹೇಗಿರತ್ತೆ ಅಂತ ಎಲ್ರೂ ಹೇಳಿ. ನನೀಸೆ, ನೀನೂ ಹೇಳ್ಬೇಕು."

ಕಾಲೊ ಹೇಳಿದಳು: ಹೈಸ್ಕೂಲು ಮುಗಿಯುವವರೆಗೂ ಒಬ್ಬ ಗೆಳತಿಯನ್ನೂ ಮನೆಗೆ ಕರೆದಿಲ್ಲ, ಚೀಲದಲ್ಲಿ ಚಾಕಲೇಟು ತಂದುಬಿಟ್ಟರೆ ಎಂಬ ಭಯ. ಸಿಯೋಸಿಫಾ ಹೇಳಿದ: ಬಾಗಿಲಿಗೆಲ್ಲ ಗಂಟೆ ಕಟ್ಟಿದೀನಿ, ಗಂಟೆ ಅಲುಗಿದರೆ ಎದ್ದು ಓಡ್ತೀನಿ. ನನೀಸೆ ಹೇಳಿದಳು: "ಅವರೆಲ್ಲ ನಾನಿಲ್ದಾಗ ತಿಂತಾರೆ. ನಂಗೆ ವಾಸ್ನೆ ಬರತ್ತೆ."

ಮೆಲಿಯಾಮೆ ಕೊನೆಗೆ ಬಾಯಿಬಿಟ್ಟಳು. "ನನ್ನ ಕೈಲಿ ಆಗ್ತಿಲ್ಲ. ಎಲ್ಲಾದ್ರೂ ಒಳ್ಳೆ ಮನೆ ಇದ್ರೆ ನೋಡಿ."

"ಏನಂದೆ?" ಲೆಸಿಯೇಲಿ ಅವಳತ್ತ ತಿರುಗಿದಳು. "ಮನೆ ಮಗೂನ ಬೀದಿಗೆ ಹಾಕ್ತೀಯಾ? ಅದೇನು ನಾಯಿಮರೀನಾ, ಸಾಕಕ್ಕಾಗ್ಲಿಲ್ಲ ಅಂತ ಕೊಡಕ್ಕೆ?"

"ಅಕ್ಕ, ನೀವು ಬಂದು ಆರು ತಿಂಗ್ಳು. ನಾನು ಇವಳು ಹುಟ್ಟಿದಾಗಿಂದ ನಿದ್ದೆ ಮಾಡಿಲ್ಲ. ಆರೇ ತಿಂಗ್ಳಲ್ಲಿ ನೀವು ಅವಳನ್ನ ಎಲ್ಲಿಗೆ ತಲುಪಿಸಿದ್ರಿ ನೋಡಿದ್ರಲ್ಲ."

ಮನೆಯ ದೊಡ್ಡವಳಿಗೆ ಯಾರೂ ಹಾಗೆ ಅಂದದ್ದಿಲ್ಲ. ಸಿಯೋಸಿಫಾ ಎದ್ದು ಗ್ಯಾರೇಜಿನ ಕಡೆ ಹೆಜ್ಜೆಯಿಟ್ಟ. ಯಾಕೋ ಬಾಗಿಲಲ್ಲೇ ನಿಂತ, ಹೋಗಲಿಲ್ಲ.

ತೆರೇಪಾಯಿ ಇಬ್ಬರನ್ನೂ ಸಮಾಧಾನ ಮಾಡಲು ಹೋಗಲಿಲ್ಲ. "ನಾನು ಹುಡುಕ್ತಿರ್ತೀನಿ. ಬೇಡ ಅನ್ನೋ ಹಕ್ಕು ನಿಮಗೆ ಕೊನೇವರ್ಗೂ ಇರತ್ತೆ," ಎಂದಳು. ಹೋಗುವಾಗ ಲೆಸಿಯೇಲಿಯ ಕಡೆ ತಿರುಗಿ, "ಅಮ್ಮ, ನೀವು ಹೂಂ ಅನ್ನದೆ ಈ ಮನೇಲಿ ಏನೂ ನಡೆಯಲ್ಲ ಅಂತ ನಂಗೆ ಗೊತ್ತಾಯ್ತು," ಎಂದಳು.

"ಗೊತ್ತಾಯ್ತಲ್ಲ, ಒಳ್ಳೇದಾಯ್ತು," ಎಂದಳು ಲೆಸಿಯೇಲಿ.

ಎರಡು ವಾರದಲ್ಲಿ ಹ್ಯಾಮಿಲ್ಟನ್ನಿನ ಒಂದು ವಸತಿ ಮನೆಯಲ್ಲಿ ಹಾಸಿಗೆ ಖಾಲಿಯಿದೆಯೆಂದು ತಿಳಿಯಿತು. ತೆರೇಪಾಯಿ ಮೆಲಿಯಾಮೆಯನ್ನು ತನ್ನ ಕಾರಿನಲ್ಲೇ ಕರೆದುಕೊಂಡು ಹೋದಳು. ಕೋಣೆ ಬೆಳಕಾಗಿತ್ತು, ಹಾಸಿಗೆಯ ಮೇಲೆ ಹೊಸ ಹೊದಿಕೆ. ಮೆಲಿಯಾಮೆ ಮನಸ್ಸಿನಲ್ಲೇ ನನೀಸೆಯ ಬಟ್ಟೆಗಳನ್ನು ಅಲ್ಲಿನ ಕಪಾಟಿನಲ್ಲಿ ಜೋಡಿಸಿಬಿಟ್ಟಳು. ತೆರೇಪಾಯಿ ಅಡಿಗೆಮನೆಯಲ್ಲಿ ನಿಂತಿದ್ದಳು. ಅಲ್ಲಿ ಬಾಗಿಲೇ ಇರಲಿಲ್ಲ. ಬಟ್ಟಲಲ್ಲಿ ಹಣ್ಣು, ದೊಡ್ಡ ಹುಡುಗರ ಕೋಣೆಗಳಲ್ಲಿ ಚಿಪ್ಸಿನ ಪೊಟ್ಟಣ.

"ಹುಷಾರಾಗಿ ನೋಡ್ಕೋತೀವಿ," ಎಂದರು ಅಲ್ಲಿನವರು. ಒಳ್ಳೆಯ ಜನವೇ.

ಕಾರು ಹೊರಟ ಮೇಲೆ ತೆರೇಪಾಯಿ ಹೇಳಿದಳು. "ಇಲ್ಲಿ ಬೇಡ ಮೆಲಿಯಾಮೆ."

"ಏನಂದ್ರಿ?"

"ಅವರಿಗೆ ಬೇರೆ ಥರದ ಮಕ್ಕಳನ್ನ ನೋಡಿ ಗೊತ್ತು. ಇವಳ ಕಾಯಿಲೆ ಗೊತ್ತಿಲ್ಲ. ಮೊದಲ್ನೇ ವಾರಾನೇ ನಾವು ಮತ್ತೆ ಆಸ್ಪತ್ರೇಲಿರ್ತೀವಿ."

"ಹಾಸಿಗೆ ಇದೆ ಅಂತ ನೀವೇ ಕರ್ಕೊಂಡು ಬಂದ್ರಿ, ನೀವೇ ಬೇಡ ಅಂತೀರಾ? ನಿಮಗೇನು, ಸಂಜೆ ಮನೆಗೆ ಹೋಗಿ ನಿದ್ದೆ ಮಾಡ್ತೀರಿ!"

ಮಾಂಗೆರೆ ಮುಟ್ಟುವವರೆಗೂ ಮೆಲಿಯಾಮೆ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ತೆರೇಪಾಯಿ ಕಾರು ನಡೆಸಿದಳು. ಖಾಲಿ ಹಾಸಿಗೆ ಬಿಟ್ಟು ಬಂದದ್ದಕ್ಕೆ ಕಚೇರಿಯಲ್ಲಿ ಅವಳ ಮೇಲಿನವರು ರೇಗಿದರೆಂದು ಈ ಮನೆಯವರಿಗೆ ಗೊತ್ತಾದದ್ದು ಬಹಳ ತಿಂಗಳಾದ ಮೇಲೆ.

ಹ್ಯಾಮಿಲ್ಟನ್ ಆಗಲಿಲ್ಲವೆಂದು ಕೇಳಿ ಲೆಸಿಯೇಲಿ ಎದ್ದು ನಿಂತಳು. "ಸರಿ ಹಾಗಾದ್ರೆ. ಬೀಗದ ಕೈ ನಂಗೆ ಕೊಡು. ತಪ್ಪು ಮಾಡಿದೋಳು ನಾನು, ಕಾಯೋಳೂ ನಾನೇ."

ಮೆಲಿಯಾಮೆ ದಾರ ಬಿಚ್ಚಿ ಕೊಟ್ಟಳು.

ಆಗ ಲೆಸಿಯೇಲಿಗೆ ಆ ಮನೆಯ ದಿನ ಹೇಗಿರುತ್ತದೆಂದು ತಿಳಿಯತೊಡಗಿತು. ಬೆಳಗಿನ ಓಟ್ಸ್ ಮುಗಿದ ಕೂಡಲೇ "ಮಧ್ಯಾಹ್ನಕ್ಕೆ ಏನು?" ಮಧ್ಯಾಹ್ನದ್ದು ಮುಗಿದರೆ "ರಾತ್ರಿಗೇನು?" ಉತ್ತರ ಹೇಳಿದರೆ ಮತ್ತೆ ಅದೇ ಪ್ರಶ್ನೆ. ಅಡಿಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಳು. ನನೀಸೆ ಮುದ್ದು ಮಾಡಿದಳು, ಅಂಗಲಾಚಿದಳು, ಹಾಡು ಹೇಳಿದಳು. ಏನೂ ನಡೆಯದಿದ್ದಾಗ ನೆಲಕ್ಕೆ ಬಿದ್ದು ಹೊರಳಾಡಿದಳು. ಒಂದು ಮಧ್ಯಾಹ್ನ ದಾರಕ್ಕೆ ಕೈಹಾಕಿ ಎಳೆದಳು. ಬಿಡಿಸಿಕೊಳ್ಳಲು ಹೋದ ಅತ್ತೆಯ ಮುಂಗೈಯನ್ನು ಕಚ್ಚಿದಳು. ಆಮೇಲೆ ತಾನೇ ಬಿಕ್ಕಿಬಿಕ್ಕಿ ಅತ್ತು, "ಅತ್ತೆ, ನಾನು ಕೆಟ್ಟೋಳಲ್ಲ. ನನ್ ಹೊಟ್ಟೆ ಕೆಟ್ಟದು," ಎಂದಳು.

ಲೆಸಿಯೇಲಿ ಆ ಹುಡುಗಿಯನ್ನು ಎದೆಗೆ ಒತ್ತಿಕೊಂಡು ಸಂಜೆಯವರೆಗೆ ಹಾಗೇ ಕೂತಿದ್ದಳು.

ಕೆಲಸದಿಂದ ಬಂದ ಮೆಲಿಯಾಮೆ ಕೈ ನೋಡಿ ಔಷಧಿ ಹಚ್ಚಿದಳು. ತನ್ನ ತೋಳನ್ನು ಅದರ ಮಗ್ಗುಲಿಗೆ ಹಿಡಿದು ತೋರಿಸಿದಳು. ಅಲ್ಲಿ ಅಂಥವೇ ಹಳೆಯ ಗುರುತುಗಳಿದ್ದವು.

"ನಂಗೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಮಗಳ ಮೇಲೆ ಚಾಡಿ ಹೇಳಿದ ಹಾಗಾಗ್ತಿತ್ತು ಅಕ್ಕ."

ಅಂದು ಇಬ್ಬರೂ ಕೂಡಿ ಅಡಿಗೆ ಮಾಡಿದರು. ಲೆಸಿಯೇಲಿ ಕೆಸುವಿನ ಗೆಡ್ಡೆ ಹೆಚ್ಚಿದಳು, ಮೆಲಿಯಾಮೆ ತೂಕ ಮಾಡಿ ನನೀಸೆಯ ಪಾಲು ತೆಗೆದಿಟ್ಟಳು. ಅಷ್ಟು ಸಾಕೇ ಎಂದು ಲೆಸಿಯೇಲಿ ಕೇಳಲಿಲ್ಲ.

ತೆರೇಪಾಯಿ ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದಳು. ಮೆಲಿಯಾಮೆ ಸಿಟ್ಟಿನಲ್ಲಿ ಎತ್ತದಿದ್ದರೆ ಕಾಲೊಗೆ ಮಾಡುತ್ತಿದ್ದಳು. "ಈ ವಾರವೂ ಸುದ್ದಿಯಿಲ್ಲ. ಮರ್ತಿಲ್ಲ ಅಂತ ಹೇಳಕ್ಕೆ ಮಾಡಿದೆ."

"ಸುದ್ದಿ ಇಲ್ಲ ಅಂತ ಹೇಳಕ್ಕೂ ಫೋನ್ ಮಾಡ್ತಾಳಲ್ಲ, ಯಾವ ಸೀಮೆ ಆಫೀಸಿನೋಳು ಇವಳು!" ಎಂದಳು ಲೆಸಿಯೇಲಿ. ಮುಂದಿನ ಶುಕ್ರವಾರದಿಂದ ಫೋನ್ ತಾನೇ ಎತ್ತತೊಡಗಿದಳು. ಮಾತು ಕುಣಿತ, ಗೆಡ್ಡೆ, ಮಂಡಿನೋವು ಎಂದು ಎಲ್ಲೆಲ್ಲಿಗೋ ಹೋಗುತ್ತಿತ್ತು.

ಆ ದೇಶದಲ್ಲಿ ವರ್ಷದ ನಡುವೆ ಬರುವ ಚಳಿ ಏರಿದ್ದ ಒಂದು ಶುಕ್ರವಾರ ಸುದ್ದಿ ಬಂತು. ಪಾಪಾಕುರಾದಲ್ಲಿ ಇದೇ ಕಾಯಿಲೆಯ ಮಕ್ಕಳಿಗೆಂದೇ ಇರುವ ಒಂದು ಮನೆ. ಮನೆಯಿಂದ ಅರ್ಧ ಗಂಟೆಯ ದಾರಿ. ಅಲ್ಲಿದ್ದ ಹುಡುಗಿಯೊಬ್ಬಳು ವಯಸ್ಸಿಗೆ ಬಂದು ದೊಡ್ಡವರ ಮನೆಗೆ ಹೋಗುತ್ತಿದ್ದಳು.

"ಮೊದ್ಲು ನೀವು ಬಂದು ನೋಡಿ ಅಮ್ಮ," ಎಂದಳು ತೆರೇಪಾಯಿ. "ಮಿಕ್ಕೋರು ಆಮೇಲೆ."

ಲೆಸಿಯೇಲಿ ಚರ್ಚಿಗೆ ಉಡುವ ಕಪ್ಪು ಬಟ್ಟೆ ಉಟ್ಟು, ಮೇಲೆ ಸೊಂಟಕ್ಕೆ, ಟೊಂಗದವರು ಮರ್ಯಾದೆಗೆಂದು ಕಟ್ಟುವ ಹೆಣೆದ ಚಾಪೆ ಕಟ್ಟಿಕೊಂಡು ಹೊರಟಳು. ನನೀಸೆಯನ್ನೂ ಕರೆದುಕೊಂಡಳು.

ಆ ಮನೆ ನೋಡಿಕೊಳ್ಳುವವಳು ಬ್ರೋನ್ವಿನ್ ಎಂಬ ಎತ್ತರದ ಬಿಳಿಯ ಹೆಂಗಸು. ಲೆಸಿಯೇಲಿ ಹಾಸಿಗೆ ಒತ್ತಿ ನೋಡಿದಳು, ಬಚ್ಚಲಿನ ನೀರು ಬಿಟ್ಟು ನೋಡಿದಳು. ಅಡಿಗೆಮನೆಯ ಬಾಗಿಲಿನ ಬೀಗವನ್ನು ಜಗ್ಗಿ ನೋಡಿದಳು.

"ಇಲ್ಲೂ ಬೀಗ. ಮತ್ತೆ ನಮ್ಮನೇಗೂ ಇದಕ್ಕೂ ಏನು ವ್ಯತ್ಯಾಸ?"

"ನಿಮ್ಮನೇಲಿ ಬೀಗ ಒಬ್ಬಳಿಗೆ ಮಾತ್ರ ಅಲ್ವಾ?" ಎಂದಳು ಬ್ರೋನ್ವಿನ್. "ಇಲ್ಲಿ ಎಲ್ರಿಗೂ. ನಾನೂ ಊಟದ ಹೊತ್ತು ಬಿಟ್ಟು ಇಲ್ಲಿ ಒಂದು ಬಿಸ್ಕತ್ತು ಮುಟ್ಟಲ್ಲ. ವಾಸ್ನೆನೂ ಬರಲ್ಲ."

"ನೀನು ಮುಟ್ಟಲ್ವಾ? ಅದಕ್ಕೇ ಹೀಗೆ ಕಡ್ಡಿ ಥರ ಇದೀಯ."

ಈ ಮಾತನ್ನು ಮಾತ್ರ ಲೆಸಿಯೇಲಿ ಟೊಂಗನ್‌ನಲ್ಲಿ ಅಂದಿದ್ದಳು. ತೆರೇಪಾಯಿ ನಕ್ಕಳೇ ಹೊರತು ಅದನ್ನು ಇಂಗ್ಲಿಷಿಗೆ ದಾಟಿಸಲಿಲ್ಲ. ಕಾಲೊಳಿಂದ ಅಷ್ಟಿಷ್ಟು ಟೊಂಗನ್ ಕಲಿತಿದ್ದಳೆಂಬುದು ಆಗ ಲೆಸಿಯೇಲಿಗೆ ಗೊತ್ತಾಯಿತು.

ಗೋಡೆಯ ಮೇಲೆ ಆ ದಿನದ ಊಟ, ಹೊತ್ತು, ಎಲ್ಲ ಚಿತ್ರದ ಸಮೇತ ಬರೆದಿತ್ತು. ನನೀಸೆ ಅದನ್ನು ಎರಡು ಸಲ ಓದಿದಳು. ಮೂವರು ಮಕ್ಕಳು ಮೇಜಿಗೆ ಬಂದರು. ಎಲ್ಲರಿಗೂ ಒಂದೇ ಅಳತೆಯ ತಟ್ಟೆ. ಉಂಡರು, ಎದ್ದರು, ತಟ್ಟೆ ತೊಳೆದಿಟ್ಟರು. ಇನ್ನಷ್ಟು ಬೇಕೆಂದು ಯಾರೂ ಕೇಳಲಿಲ್ಲ, ಯಾರೂ ಅಳಲಿಲ್ಲ. ಒಬ್ಬ ಹುಡುಗಿ ಚಿತ್ರದ ಚೂರುಗಳ ಡಬ್ಬಿ ತಂದು ನನೀಸೆಯ ಮುಂದೆ ಸುರಿದಳು.

ಲೆಸಿಯೇಲಿ ಮೂಲೆಯ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. ಈಗ ಕೇಳುತ್ತಾಳೆ, ಇನ್ನೇನು ಕೇಳುತ್ತಾಳೆ, ರಾತ್ರಿಗೇನು ಅಂತ. ಹಡಗಿನ ಪಟಗಳೆರಡು ಮೂಡಿದವು, ಸಮುದ್ರ ಮೂಡಿತು. ನನೀಸೆ ಕೇಳಲಿಲ್ಲ. ಚೂರುಗಳನ್ನು ಕೂಡಿಸುತ್ತ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಯಾರಿಂದಲೂ ಏನನ್ನೂ ಗಿಟ್ಟಿಸಲೆಂದು ಹಾಡುತ್ತಿರಲಿಲ್ಲ. ಸುಮ್ಮನೆ, ತನ್ನಷ್ಟಕ್ಕೆ.

ಲೆಸಿಯೇಲಿ ಎದ್ದು ಹೊರಗೆ ಅಂಗಳಕ್ಕೆ ಹೋದಳು. ತೆರೇಪಾಯಿ ಸ್ವಲ್ಪ ಹೊತ್ತು ಬಿಟ್ಟು ಹಿಂದೆ ಹೋದಳು.

"ನಾನು ಅವಳಿಗೆ ತಿನ್ನಿಸಿದ್ದೇ ತಿನ್ನಿಸಿದ್ದು," ಎಂದಳು ಲೆಸಿಯೇಲಿ ಮೂಗೊರೆಸಿಕೊಂಡು. "ಅವಳಿಗೆ ಬೇಕಾಗಿದ್ದು ಇದು. ನೋಡು, ಮಗು ಆರಾಮಾಗಿದೆ."

"ಹೌದಮ್ಮ."

"ಮೂರು ಮಾತು ಹೇಳ್ತೀನಿ, ಬರ್ಕೋ. ಭಾನುವಾರ ನಮ್ಮ ಚರ್ಚಿಗೆ ಬರ್ಬೇಕು. ಅವಳನ್ನ ನ್ಯಾನ್ಸಿ ಗೀನ್ಸಿ ಅನ್ಬಾರ್ದು, ನನೀಸೆ ಅನ್ಬೇಕು. ಊಟಕ್ಕೆ ಮುಂಚೆ ಟೊಂಗನ್‌ನಲ್ಲಿ ಪ್ರಾರ್ಥನೆ ಮಾಡ್ಬೇಕು. ಆಗತ್ತಾ?"

"ಬರ್ಕೊಂಡೆ. ಆಗೋ ಹಾಗೆ ಮಾಡ್ತೀನಿ."

ಮನೆಗೆ ಬಂದ ಲೆಸಿಯೇಲಿ ತಮ್ಮನನ್ನು ಗ್ಯಾರೇಜಿನಿಂದ ಕರೆಸಿದಳು. ಎಲ್ಲರ ಮುಂದೆ ಮೆಲಿಯಾಮೆಗೆ ಹೇಳಿದಳು: "ನೀನು ಹೇಳಿದ್ದೇ ಸರಿ. ಕಳ್ಸೋಣ. ಯಾರಾದ್ರೂ ಕೇಳಿದ್ರೆ ಕಳ್ಸಿದ್ದು ನಾನು ಅಂತ ಹೇಳು."

ಮೆಲಿಯಾಮೆ ಅತ್ತೇಬಿಟ್ಟಳು. ಸಿಯೋಸಿಫಾ ಅಕ್ಕನೆದುರು ಎಂದೂ ಆಡದಷ್ಟು ಮಾತಾಡಿದ: "ಮಾಲೊ ಅಕ್ಕ. ಮಾಲೊ." ಟೊಂಗದವರು ಉಪಕಾರ ನೆನೆಯುವುದು ಆ ಒಂದೇ ಮಾತಿನಲ್ಲಿ.

ಹೊರಡುವ ದಿನ ನನೀಸೆ ಚಿತ್ರದ ಡಬ್ಬಿಗಳನ್ನೆಲ್ಲ ತಾನೇ ಕಟ್ಟಿಕೊಂಡಳು. ಕಾರಿನಲ್ಲಿ ಕೂತವಳು ಹಿಂದೆ ತಿರುಗಿ ನೋಡಲಿಲ್ಲ. ಅದು ಮೆಲಿಯಾಮೆಗೆ ಚುಚ್ಚಿತು. ಒಳಗೆ ಬಂದು ಮಲಗಿದಳು. ಎದ್ದಾಗ ಮರುದಿನ ಮಧ್ಯಾಹ್ನವಾಗಿತ್ತು. ಮಂಚದ ಪಕ್ಕ ಲೆಸಿಯೇಲಿ ಬಟ್ಟೆ ಮಡಿಸುತ್ತ ಕೂತಿದ್ದಳು.

"ಅಯ್ಯೋ, ಕೆಲ್ಸಕ್ಕೆ..."

"ಹೋಟ್ಲಿಗೆ ಫೋನ್ ಮಾಡಿಸಿದೀನಿ. ಹುಷಾರಿಲ್ಲ ಅಂತ. ಮಲ್ಕೋ."

ಮೊದಮೊದಲು ಮಾಂಗೆರೆಯ ಮನೆಯವರು ಊಟಕ್ಕೆ ಕೂತರೂ ತಟ್ಟೆ ಖಾಲಿಯಾಗುತ್ತಿರಲಿಲ್ಲ. ಕಾಲೊ ಒಂದು ಸಂಜೆ ಕರಿದ ಮೀನಿನ ಪೊಟ್ಟಣ ತಂದು ಮೇಜಿನ ಮೇಲೆ ಬಿಚ್ಚಿಟ್ಟಳು. ನಾಲ್ವರೂ ಅದನ್ನೇ ನೋಡುತ್ತ ಕೂತರು. ಸಿಯೋಸಿಫಾ ಒಂದು ತುಂಡು ಬಾಯಿಗಿಟ್ಟುಕೊಂಡು ಎದ್ದುಹೋದ. ಅಷ್ಟರಲ್ಲಿ ಅವನ ಫೋನ್ ಬಡಿಯಿತು. ಗ್ಯಾರೇಜಿನಲ್ಲಿ ಬಹಳ ಹೊತ್ತು ಮಾತಾಡಿ ಬಂದ. ಮುಖ ಬೇರೆಯಾಗಿತ್ತು.

"ನನೀಸೆ. ಹಡಗಿನ ಚಿತ್ರ ಮುಗೀತಂತೆ. ಲಾನಾ ಅಂತ ಒಬ್ಳು ಸ್ನೇಹಿತೆ ಅಂತೆ. ಜಗಳಾನೂ ಆಡಿದಾರಂತೆ."

"ಊಟದ ಬಗ್ಗೆ?" ಕೇಳಿದಳು ಮೆಲಿಯಾಮೆ.

"ಕೇಳ್ಲೇ ಇಲ್ಲ ಕಣೆ. 'ಅಪ್ಪಾ, ನೀನು ಹೇಗಿದೀಯ' ಅಂದ್ಳು."

ಹದಿಮೂರು ವರ್ಷದಲ್ಲಿ ಮಗಳು ಹಾಗೆ ಕೇಳಿದ್ದು ಅದೇ ಮೊದಲು. ಸಿಯೋಸಿಫಾ ಕೂತು ಮೀನು ತಿಂದ.

ಚರ್ಚಿನಲ್ಲಿ ಮಾತು ಹುಟ್ಟದೆ ಇರಲಿಲ್ಲ. ಹೆತ್ತ ಮಗೂನ ಸರ್ಕಾರಕ್ಕೆ ಕೊಟ್ರಂತೆ ಎಂದು ಪಾತ್ರೆ ತೊಳೆಯುವಲ್ಲಿ ಯಾರೋ ಅಂದರು. ಮೆಲಿಯಾಮೆ ತಲೆ ತಗ್ಗಿಸಿದಳು. ಲೆಸಿಯೇಲಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಕೊಟ್ಟೋಳು ನಾನು. ಮಾತಿದ್ರೆ ನನ್ನ ಹತ್ರ ಆಡ್ರಿ."

ಮುಂದಿನ ತಿಂಗಳು ಒಂದು ಶನಿವಾರ ಪಾಪಾಕುರಾದ ಮನೆಯವರು ಇವರನ್ನು ಊಟಕ್ಕೆ ಕರೆದರು. ನನೀಸೆ ಬಾಗಿಲಿಗೆ ಓಡಿ ಬಂದು ಅಮ್ಮನನ್ನು ಸೋಫಾದ ಮೇಲೆ ಕೂರಿಸಿದಳು, ಮನೆಯೊಡತಿಯ ಹಾಗೆ. ಮೇಜಿಗೆ ಕೂತಾಗ ನಾಲ್ವರು ಮಕ್ಕಳೂ ಕಣ್ಣು ಮುಚ್ಚಿದರು. ಬ್ರೋನ್ವಿನ್ ಸಹ ಮುಚ್ಚಿದಳು. ನನೀಸೆ ಶುರುಮಾಡಿದ ಟೊಂಗನ್ ಪ್ರಾರ್ಥನೆಯನ್ನು ಎಲ್ಲರೂ ಕೂಡಿ ಹೇಳಿದರು. ಲಾನಾ ಎಂಬ ಆ ಹುಡುಗಿ ಅರ್ಧಕ್ಕರ್ಧ ತಪ್ಪಾಗಿ ಹೇಳಿದಳು, ಆದರೆ ಎಲ್ಲರಿಗಿಂತ ಗಟ್ಟಿಯಾಗಿ. ಲೆಸಿಯೇಲಿ ಕಣ್ಣು ತೆರೆದು ಸುತ್ತ ನೋಡಿದಳು. ತಮ್ಮ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಯಾರ್ಯಾರದೋ ಮನೆಯ ಮೂವರು ಮಕ್ಕಳು, ಆ ಕಡ್ಡಿಯಂಥ ಹೆಂಗಸು. ಆ ಮೇಜಿನಲ್ಲಿ ಬಡಿಸಿದ್ದು ಕಡಿಮೆಯೆಂದು ಅವಳಿಗೆ ಅನಿಸಲಿಲ್ಲ.

ಮರುವಾರ ತೆರೇಪಾಯಿ ಮಾಂಗೆರೆಯ ಮನೆಗೆ ಬಂದಳು. ಮೆಲಿಯಾಮೆ ಅವಳ ಕೈ ಹಿಡಿದುಕೊಂಡು, "ಅವತ್ತು ಕಾರಲ್ಲಿ ಬಾಯಿಗೆ ಬಂದ ಹಾಗೆ ಅಂದೆ," ಎಂದಳು.

"ನಿದ್ದೆಗೆಟ್ಟೋರು ಏನಂದ್ರೂ ನಾನು ಲೆಕ್ಕಕ್ಕಿಡಲ್ಲ," ಎಂದು ನಕ್ಕಳು ತೆರೇಪಾಯಿ. ಆಮೇಲೆ ಲೆಸಿಯೇಲಿಯ ಕಡೆ ತಿರುಗಿದಳು. "ಅಮ್ಮ, ನಿಮ್ಮಿಂದ ಒಂದು ಕೆಲ್ಸ ಆಗ್ಬೇಕಿತ್ತು. ಓಟಾರಾದಲ್ಲಿ ನಿಮ್ಮೂರ ಕಡೆಯವರದೇ ಒಂದು ಮನೆ. ಮೊಮ್ಮಗಳಿಗೆ ಉಸಿರಾಟದ ಯಂತ್ರ ಇಲ್ದೆ ಆಗಲ್ಲ. ಅಜ್ಜಿ ಒಬ್ಳೇ ನೋಡ್ಕೋತಿದಾಳೆ. ಬೀಳೋ ಹಾಗಾಗಿದಾಳೆ, ಆದ್ರೆ ಆಫೀಸಿನೋರು ಅಂದ್ರೆ ಬಾಗ್ಲು ತೆಗಿಯಲ್ಲ."

ಲೆಸಿಯೇಲಿ ಬಟ್ಟೆ ಬದಲಿಸಿ, ಸೊಂಟಕ್ಕೆ ಚಾಪೆ ಕಟ್ಟಿಕೊಂಡು ಬಂದಳು. "ನಡಿ."

ಓಟಾರಾದ ಆ ಮನೆಯ ಪರದೆಗಳು ಎಳೆದಿದ್ದವು. ಲೆಸಿಯೇಲಿ ಬಾಗಿಲು ತಟ್ಟಿದಳು. ಎರಡನೆಯ ಸಲಕ್ಕೆ ಒಳಗಿನಿಂದ ಮುದಿ ದನಿ ಬಂತು.

"ಯಾರು?"

"ವವಾಉನ ಲೆಸಿಯೇಲಿ. ಮಾಂಗೆರೆಯಿಂದ ಬಂದಿದೀನಿ."

"ಗೊತ್ತು, ಕೇಳಿದೀನಿ ನಿಮ್ಮ ವಿಷ್ಯ. ಮನೆ ಮಗೂನ ಹೊರಗೆ ಕೊಟ್ಟೋರಲ್ವಾ?"

"ಹೂಂ, ನಾವೇ," ಎಂದಳು ಲೆಸಿಯೇಲಿ. "ಶನಿವಾರ ನೋಡ್ಕೊಂಡು ಬಂದೆ. ನಂಗೇ ಉಪಚಾರ ಮಾಡ್ತಾಳೆ ಕತ್ತೆ, ಅಷ್ಟು ಚೆನ್ನಾಗಿದಾಳೆ. ಬಾಗ್ಲು ತೆಗಿ ತಂಗಿ, ನನ್ನ ಮಂಡಿ ನೋಯ್ತಿದೆ. ಕೂತ್ಕೊಂಡು ಹೇಳ್ತೀನಿ."

ಚಿಲಕ ಸರಿದು ಬಾಗಿಲು ಒಂದು ಗೇಣು ತೆರೆಯಿತು. ಕಣ್ಣ ಸುತ್ತ ಕಪ್ಪುಗಟ್ಟಿದ ಮುದುಕಿಯೊಬ್ಬಳು ಲೆಸಿಯೇಲಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವಳ ಹಿಂದೆ ನಿಂತಿದ್ದ ತೆರೇಪಾಯಿಯನ್ನು ನೋಡಿದಳು.

"ಇವಳು?"

"ಇವಳು ನಮ್ಮೋಳು," ಎಂದಳು ಲೆಸಿಯೇಲಿ. "ರಾರೊಟೊಂಗದೋಳು, ಆದ್ರೂ ನಮ್ಮೋಳೇ."

ಮುದುಕಿ ಪಕ್ಕಕ್ಕೆ ಸರಿದು ಇಬ್ಬರಿಗೂ ದಾರಿ ಬಿಟ್ಟಳು.